ಟ್ರಂಪೆಟ್ ಮೌತ್‌ಪೀಸ್: ದುಬಾರಿಯದಕ್ಕೆ ದುಡ್ಡು ಹಾಕಬೇಕಾ?

ಟ್ರಂಪೆಟ್ ಊದುವವರು ನಾಲ್ಕು ಜನ ಸೇರಿದರೆ ಸಾಕು, ಮಾತು ಮೌತ್‌ಪೀಸ್‌ಗೆ, ಅಂದರೆ ತುಟಿಗಿಟ್ಟು ಊದುವ ಆ ಬಿಡಿ ತುದಿಗೆ, ಬಂದು ನಿಲ್ಲುತ್ತದೆ. ಯಾರೋ ಒಬ್ಬರ ಹತ್ತಿರ ಅಮೆರಿಕದಿಂದ ಭಾವ ತಂದುಕೊಟ್ಟ, ಚಿನ್ನದ ಲೇಪದ್ದು ಇರುತ್ತದೆ. ಉಳಿದವರೆಲ್ಲ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾರೆ. ನನ್ನ ಡಬ್ಬಿಯಲ್ಲಿ ಈಗ ಇರುವುದು ಇವು: ಟ್ರಂಪೆಟ್ ಜೊತೆ ಪುಕ್ಕಟೆ ಬಂದದ್ದು, ಬಾಕ್ ಕಂಪನಿಯ 7ಸಿ, 3ಸಿ ಸೈಜಿನವು, ಯಮಾಹ ಕಂಪನಿಯ 11ಬಿ4, ಒಂದು ಪ್ಲಾಸ್ಟಿಕ್ ಮೌತ್‌ಪೀಸ್. ಇದಲ್ಲದೆ ಸ್ನೇಹಿತರೊಬ್ಬರಿಂದ ಕೆಲವು ವಾರ ಇಸ್ಕೊಂಡು ಊದಿದ, ಮುನ್ನೂರು ಡಾಲರಿಗೂ ಜಾಸ್ತಿ ಬೆಲೆಯ, ಕೈಯಲ್ಲಿ ಹಿಡಿದರೆ ತೂಕದ ಬಟ್ಟಿನ ಹಾಗಿರುವ ಒಂದು.

ಮೊದಲು ಪುಕ್ಕಟೆಯದ್ದು. ಯಾವ ಕಂಪನಿ ಅನ್ನೋದು ಬೇಡ. ಮೇಲೆ 7ಸಿ ಅಂತ ಅಚ್ಚು ಹಾಕಿದ್ದರು, ಆದರೆ ನಿಜವಾದ 7ಸಿ ಪಕ್ಕ ಇಟ್ಟರೆ ತುಟಿ ಕೂರುವ ಬಟ್ಟಲಿನ ಆಳವೂ ಬೇರೆ, ಅಂಚೂ ಬೇರೆ. ಒಳಗಿನ ತೂತಿನ ಬಾಯಲ್ಲಿ ಲೇತ್ ಓಡಿದ ಗೆರೆ ಕಣ್ಣಿಗೇ ಕಾಣುತ್ತಿತ್ತು. ತುಟಿ ಬೇಗ ಸೋಲುತ್ತಿತ್ತು, ಮೇಲಿನ ಸ್ವರಗಳು ಶ್ರುತಿಗೆ ಕೂರುತ್ತಿರಲಿಲ್ಲ. ಇದನ್ನು ಬದಲಾಯಿಸುವುದಕ್ಕೆ ಖರ್ಚು ಮಾಡಿದ ದುಡ್ಡಿನ ಬಗ್ಗೆ ನನಗೆ ಎರಡು ಮಾತಿಲ್ಲ. ಕಳಪೆಯಿಂದ ಸಾಧಾರಣ ಒಳ್ಳೆಯದಕ್ಕೆ ಹೋದಾಗ ಸಿಗುವ ವ್ಯತ್ಯಾಸ ದೊಡ್ಡದು. ಒಳ್ಳೆಯದರಿಂದ ದುಬಾರಿಯದಕ್ಕೆ ಹೋದಾಗ ಅಷ್ಟು ಸಿಗುವುದಿಲ್ಲ.

ಸೈಜಿನ ಗೊಂದಲ ಬಿಡಿಸಿಕೊಳ್ಳದೆ ಕೊಳ್ಳೋಕೆ ಹೋಗಬೇಡಿ. ಬಾಕ್‌ನಲ್ಲಿ ನಂಬರ್ ಚಿಕ್ಕದಾದಷ್ಟೂ ಬಟ್ಟಲು ಅಗಲ. ಯಮಾಹದಲ್ಲಿ ಉಲ್ಟಾ, ನಂಬರ್ ದೊಡ್ಡದಾದಷ್ಟೂ ಅಗಲ. ಅಕ್ಷರವೂ ಹಾಗೇ: ಬಾಕ್‌ನಲ್ಲಿ ಎ ಅಂದರೆ ಆಳ, ಯಮಾಹದಲ್ಲಿ ಎ ಅಂದರೆ ಆಳ ಕಡಿಮೆ ಇರುವ ಬಟ್ಟಲು. ಬಾಕ್ 7ಸಿ ಒಳ ಅಗಲ 16.20 ಮಿ.ಮೀ., 3ಸಿ 16.30 ಮಿ.ಮೀ. ಅಂತ ಕ್ಯಾಟಲಾಗ್ ಹೇಳುತ್ತದೆ. ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ ಅಷ್ಟೇ ಅಲ್ವಾ, ಅದರಿಂದ ಏನಾಗುತ್ತೆ ಅನ್ನಿಸಬಹುದು. ತುಟಿಗೆ ಗೊತ್ತಾಗುತ್ತದೆ. ಅಗಲಕ್ಕಿಂತ ಹೆಚ್ಚಾಗಿ ಗೊತ್ತಾಗುವುದು ಅಂಚು: 7ಸಿಯ ಒಳ ಅಂಚು ಚೂಪು, ತುಟಿಯನ್ನು ಹಿಡಿಯುತ್ತದೆ, 3ಸಿಯದ್ದು ಸ್ವಲ್ಪ ನಯ. ಬೇರೆ ಬೇರೆ ಕಂಪನಿಯ ಅಳತೆಗಳನ್ನು ಕಾಗದದ ಮೇಲೆ ಹೋಲಿಸುವುದೂ ವ್ಯರ್ಥ, ಯಾಕೆಂದರೆ ಎಲ್ಲರೂ ಒಂದೇ ಜಾಗದಲ್ಲಿ ಅಳೆಯುವುದಿಲ್ಲ.

ನನಗೆ ಒಗ್ಗಿದ್ದು 3ಸಿ. ಇದರಲ್ಲಿ ದನಿ ತುಂಬಿಕೊಂಡು ಬರುತ್ತದೆ, ಒಂದು ಗಂಟೆ ಊದಿದ ಮೇಲೂ ತುಟಿಯಲ್ಲಿ ಸ್ವಲ್ಪ ಜೀವ ಉಳಿದಿರುತ್ತದೆ. ಯಮಾಹ 11ಬಿ4 ಹೊಸಬರಿಗೆ ಒಳ್ಳೆಯದು, ಸ್ವರ ಸುಲಭವಾಗಿ ಹುಟ್ಟುತ್ತದೆ, ಬೆಲೆಯೂ ಬಾಕ್‌ಗಿಂತ ಕಡಿಮೆ. ಆದರೆ ಮಂದ್ರದಲ್ಲಿ ನನಗೆ ಅದರ ದನಿ ಕೊಂಚ ತೆಳುವಾಗಿ ಕೇಳುತ್ತದೆ. ಪ್ಲಾಸ್ಟಿಕ್ ನೋಡಿ ನಗುವವರಿದ್ದಾರೆ, ನಗಲಿ. ಏಪ್ರಿಲ್ ಬಿಸಿಲಲ್ಲಿ ಮದುವೆ ದಿಬ್ಬಣದ ಮುಂದೆ ನಿಂತವರಿಗೆ ಕಾದ ಹಿತ್ತಾಳೆ ತುಟಿಗೆ ತಾಗಿದರೆ ಏನಾಗುತ್ತೆ ಅಂತ ಗೊತ್ತು, ಮಡಿಕೇರಿಯ ಡಿಸೆಂಬರ್ ಬೆಳಗ್ಗೆಯೂ ಅಷ್ಟೇ. ದನಿಯಲ್ಲಿ ಸ್ವಲ್ಪ ಹೊಳಪು ಕಡಿಮೆ, ಅದನ್ನು ಒಪ್ಪಿಕೊಂಡರೆ ಹೊರಗಡೆ ಊದೋಕೆ ಸಾಕು.

ಇನ್ನು ಆ ದುಬಾರಿಯದ್ದು. ನಿಜ ಹೇಳಬೇಕೆಂದರೆ ಚೆನ್ನಾಗಿದೆ. ಜೋರಾಗಿ ಊದಿದಾಗ ದನಿ ಒಡೆಯುವುದಿಲ್ಲ, ಸ್ವರ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಫೋನನ್ನು ಕೋಣೆಯ ಆ ತುದಿಯಲ್ಲಿಟ್ಟು 3ಸಿಯಲ್ಲೂ ಇದರಲ್ಲೂ ಒಂದೇ ಹಾಡು ರೆಕಾರ್ಡ್ ಮಾಡಿ, ಹೇಳದೆ ಕೇಳಿಸಿದರೆ ಮನೆಯವರಿಗೆ, ಜೊತೆಗೆ ಊದುವವರಿಗೆ ಯಾವುದು ಯಾವುದೋ ತಿಳಿಯಲಿಲ್ಲ. ವ್ಯತ್ಯಾಸ ಇರುವುದು ಊದುವವನ ಕಡೆ. ಊದುವುದು ಹಿತವಾದರೆ ಅದಕ್ಕೂ ಬೆಲೆ ಇದೆ, ಒಪ್ಪುತ್ತೇನೆ, ಆದರೆ ಕಸ್ಟಮ್ಸ್ ಸುಂಕ, ಕೊರಿಯರ್ ಎಲ್ಲ ಸೇರಿ ಕೈಗೆ ಬರುವ ಹೊತ್ತಿಗೆ ಆಗುವ ಮೊತ್ತದಲ್ಲಿ ಒಳ್ಳೆಯ ಗುರುಗಳ ಹತ್ತಿರ ಬಹಳ ಕಾಲ ಪಾಠ ಹೇಳಿಸಿಕೊಳ್ಳಬಹುದು.

ಅಮೆರಿಕದ ಹೆಸರಾಂತ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಮೋನೆಟ್ ಕಂಪನಿಯದ್ದು ಊದುತ್ತಾರೆ ಅಂತ ಅದನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. ಶಿಕಾಗೊ ಸಿಂಫನಿ ವಾದ್ಯವೃಂದದ ಟ್ರಂಪೆಟ್ ವಾದಕ ಅಡಾಲ್ಫ್ ಹರ್ಸೆತ್ 1952ರಲ್ಲಿ ಕಾರು ಅಪಘಾತದಲ್ಲಿ ತುಟಿಗೆ ಪೆಟ್ಟಾದ ಮೇಲೆ ದೊಡ್ಡ ಮೌತ್‌ಪೀಸ್‌ಗೆ ಹೋದರು. ಅದು ಅವರ ಗಾಯದ ತುಟಿಗೆ ಬೇಕಾಗಿತ್ತು. ಆಮೇಲೆ ಗಾಯವಿಲ್ಲದವರೂ ದೊಡ್ಡದನ್ನೇ ಕೊಳ್ಳತೊಡಗಿದರು. ಹಾಗೇ ಆಳ ಕಡಿಮೆ ಇರುವ ಬಟ್ಟಲಿನದ್ದು ಕೊಂಡರೆ ಮೇಲಿನ ಸ್ವರ ತಾನಾಗೇ ಬರುತ್ತದೆ ಅನ್ನುವ ಮಾರಾಟದ ಮಾತು. ದನಿ ಚುರುಕಾಗುತ್ತದೆ, ಬ್ಯಾಂಡ್‌ನವರಿಗೆ ಬೀದಿಯಲ್ಲಿ ಅದು ಉಪಯೋಗಕ್ಕೂ ಬರುತ್ತದೆ. ಆದರೆ ಉಸಿರು, ತುಟಿ ಇಲ್ಲದ ಕಡೆ ಬಟ್ಟಲು ಏನೂ ಮಾಡಲ್ಲ.

ಚಿನ್ನದ ಲೇಪದ ಬಗ್ಗೆ: ಬೆಳ್ಳಿ ಲೇಪ ಕೆಲವರ ತುಟಿಗೆ ಆಗುವುದಿಲ್ಲ, ಅಂಥವರು ಚಿನ್ನದ ಲೇಪದ್ದು ತೆಗೆದುಕೊಳ್ಳಲಿ. ಉಳಿದವರಿಗೆ ಅದು ಶೋಕಿ. ಲೇಪ ಸವೆದು ಹಿತ್ತಾಳೆ ಕಾಣಿಸಿದ ಮೌತ್‌ಪೀಸನ್ನು ಮಾತ್ರ ಹಾಗೇ ಊದಬೇಡಿ, ತುಟಿ ಉರಿಯುತ್ತದೆ.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಕಡಿಮೆ ಬೆಲೆಯ ಟ್ರಂಪೆಟ್‌ಗಳಲ್ಲಿ ಮೌತ್‌ಪೀಸ್ ಕೂರುವ ಕೊಳವೆಯ ಅಳತೆ ಎಲ್ಲದರಲ್ಲೂ ಒಂದೇ ಇರುವುದಿಲ್ಲ. ಸರಿಯಾದದ್ದು ಸುಮಾರು ಒಂದು ಇಂಚು ಒಳಗೆ ಹೋಗಿ, ಅಲ್ಲಾಡದೆ ನಿಲ್ಲಬೇಕು. ಲೊಡಲೊಡ ಅಂದರೆ ಎಷ್ಟು ದುಬಾರಿಯದ್ದಾದರೂ ಶ್ರುತಿ ಕೆಡುತ್ತದೆ. ಅದಕ್ಕೇ ಅಂಗಡಿಗೆ ಹೋಗುವಾಗ ನಿಮ್ಮ ಟ್ರಂಪೆಟ್ ಜೊತೆಗಿರಲಿ. ಕೆಲವು ಅಂಗಡಿಯವರು ಊದಿ ನೋಡೋಕೆ ಬಿಡುವುದಿಲ್ಲ, ಅಲ್ಲಿ ಕೊಳ್ಳಬೇಡಿ, ಸ್ಪಿರಿಟ್ ಹಚ್ಚಿ ಒರೆಸಿ ಕೊಡುವವರು ಸಿಗುತ್ತಾರೆ. ಅಂಗಡಿಯಲ್ಲಿ ಊದಿದ ಐದು ನಿಮಿಷವನ್ನೂ ಪೂರ್ತಿ ನಂಬಬೇಡಿ, ಹೊಸದು ಮೊದಲ ದಿನ ಎಲ್ಲರಿಗೂ ಚೆನ್ನಾಗಿಯೇ ಕೇಳುತ್ತದೆ.

ಕೊಳ್ಳುವ ಮುಂಚೆ ಈಗಿರುವುದನ್ನು ಉಗುರು ಬೆಚ್ಚಗಿನ ಸೋಪು ನೀರಲ್ಲಿ ಹಾಕಿ, ಒಳಗೆ ಬ್ರಷ್ ಆಡಿಸಿ ತೊಳೆದು ಒಮ್ಮೆ ಊದಿ. ಕಿಟ್ಟ ಕಟ್ಟಿಕೊಂಡದ್ದೇ ಎಷ್ಟೋ ಸಲ ಕಾರಣ. ಮೌತ್‌ಪೀಸ್ ಟ್ರಂಪೆಟ್‌ನಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ, ಕೊಳವೆ ತಿರುಚಿಹೋಗುತ್ತದೆ, ಅದನ್ನು ಬಿಡಿಸೋಕೆ ಅಂತಲೇ ಪುಲ್ಲರ್ ಅನ್ನುವ ಸಲಕರಣೆ ಇದೆ.

ಬಾಕ್ 3ಸಿ, 5ಸಿ, ಯಮಾಹ 11ಬಿ4, 14ಬಿ4, ಈ ನಾಲ್ಕರಲ್ಲಿ ಒಂದು ಬಹುತೇಕ ಎಲ್ಲರಿಗೂ ಆಗುತ್ತದೆ. ಆಗದಿದ್ದರೆ ಬೇಗ ಮಾರಾಟವೂ ಆಗುತ್ತದೆ, ಬ್ಯಾಂಡಿನ ಹುಡುಗರು ಕೇಳಿಕೊಂಡು ಬರುತ್ತಾರೆ. ನಿಮ್ಮ ತುಟಿಗೆ ಅಂತಲೇ ಹೇಳಿ ಮಾಡಿಸಿದ್ದನ್ನು ಅರ್ಧ ಬೆಲೆಗೂ ಕೊಳ್ಳುವವರು ಸಿಗುವುದು ಕಷ್ಟ.