ಟರ್ಮಿನಲ್‌ನ ಮೂರು ಎಐ ಏಜೆಂಟ್‌ಗಳು, ಒಂದು ಅರ್ಕಾವತ್ತು

2025ರ ಫೆಬ್ರುವರಿಯಲ್ಲಿ ಆಂಥ್ರೊಪಿಕ್‌ನ ಕ್ಲಾಡ್ ಕೋಡ್ ಬಂತು, ಏಪ್ರಿಲ್‌ನಲ್ಲಿ ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ, ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ. ಮೂರೂ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಕೆಲಸ ಮಾಡುವ ಎಐ ಏಜೆಂಟ್‌ಗಳು: ಫೋಲ್ಡರ್ ಓದಿ, ಕೋಡ್ ತಿದ್ದಿ, ತಾವೇ ಓಡಿಸಿ ನೋಡಿ, ತಪ್ಪು ಬಂದರೆ ಮತ್ತೆ ತಿದ್ದುತ್ತವೆ. ಯಾರ ಮಾಡೆಲ್ ಮುಂದಿದೆ ಎಂಬುದು ಪ್ರತಿ ಹೊಸ ಬಿಡುಗಡೆಗೂ ಬದಲಾಗುತ್ತದೆ. ಅಷ್ಟು ಬೇಗ ಬದಲಾಗದ್ದು ಬೇಲಿ: ಏಜೆಂಟ್ ಎಲ್ಲಿ ನಿಂತು ನಮ್ಮನ್ನು ಕೇಳುತ್ತದೆ, ಏನನ್ನು ಕೇಳದೆಯೇ ಮಾಡುತ್ತದೆ. ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಮೂರಕ್ಕೂ ಕೊಟ್ಟ ಕೆಲಸ ಒಂದೇ: ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿರುವ ಪಠ್ಯವನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ತರುವ ಪೈಥಾನ್ ಪ್ರೋಗ್ರಾಂ. ನೋಡಲು ಬರೀ ಅಕ್ಷರದ ಪಟ್ಟಿ ಹೊಂದಿಸುವ ಕೆಲಸ ಅನ್ನಿಸುತ್ತದೆ, ಆದರೆ ಅರ್ಕಾವತ್ತು ಬಂದಲ್ಲಿ ಸಿಕ್ಕಿಬೀಳುತ್ತದೆ. ನುಡಿ ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಅಕ್ಷರಕ್ಕಿಂತ ಮೊದಲು ಇರಬೇಕು. ಇದ್ದ ಕ್ರಮದಲ್ಲೇ ಬದಲಿಸಿದರೆ ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ, ‘ಕರ್ನಾಟಕ’ ಹೋಗಿ ‘ಕನಾರ್ಟಕ’. ‘ರ್’ ಅನ್ನು ಒಂದೇ ಕೋಡ್ ಪಾಯಿಂಟ್ (ಯೂನಿಕೋಡ್‌ನ ಒಂದು ಸಂಕೇತ) ಹಿಂದೆ ಸರಿಸಿದರೆ ‘ಧರ್ಮ’ ಸರಿಯಾಗುತ್ತದೆ, ‘ಕರ್ನಾಟಕ’ದಲ್ಲಿ ‘ರ್’ ಹೋಗಿ ‘ನ’ಕ್ಕೂ ಅದರ ದೀರ್ಘಕ್ಕೂ ನಡುವೆ ಕೂರುತ್ತದೆ. ‘ಸಾಮರ್ಥ್ಯ’ದಲ್ಲಿ ‘ಥ್ಯ’ ಎಂಬ ಇಡೀ ಒತ್ತಕ್ಷರವನ್ನೇ ದಾಟಿ ಹಿಂದೆ ಹೋಗಬೇಕು. ಹಾಗಾಗಿ ಟೆಸ್ಟ್‌ಗೆ ಈ ಮೂರು ಪದ ಸಾಕು, ಏಜೆಂಟ್ ನಿಯಮ ಹಿಡಿದಿದೆಯೋ ಊಹಿಸುತ್ತಿದೆಯೋ ಗೊತ್ತಾಗುತ್ತದೆ.

ಕ್ಲಾಡ್ ಕೋಡ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಕಡತ ತಿದ್ದುವ ಮೊದಲು ಕೇಳುತ್ತದೆ. ಶಿಫ್ಟ್ ಜತೆ ಟ್ಯಾಬ್ ಒತ್ತುತ್ತಾ ಹೋದರೆ ಪ್ಲ್ಯಾನ್ ಮೋಡ್ ಸಿಗುತ್ತದೆ, ಅಲ್ಲಿ ಅದು ಓದಿ ಯೋಜನೆಯನ್ನಷ್ಟೇ ಮುಂದಿಡುತ್ತದೆ. ಇಂಥ ಕೆಲಸಕ್ಕೆ ಇದು ತುಂಬ ಉಪಯೋಗ: ‘ಇಡೀ ಅಕ್ಷರಗುಚ್ಛ ದಾಟಿಸುತ್ತೇನೆ’ ಎಂಬ ಮಾತು ಯೋಜನೆಯಲ್ಲಿ ಇಲ್ಲದಿದ್ದರೆ ಅಲ್ಲೇ ತಡೆಯಬಹುದು. ಸೆಟ್ಟಿಂಗ್ಸ್ ಕಡತದಲ್ಲಿ ಟೆಸ್ಟ್ ಫೋಲ್ಡರನ್ನು ತಿದ್ದದಂತೆ ನಿಷೇಧವನ್ನೂ ಹಾಕಬಹುದು. ಆದರೆ ಆ ನಿಷೇಧ ಏಜೆಂಟಿನ ತಿದ್ದುವ ಉಪಕರಣಕ್ಕೂ ಅದು ಗುರುತಿಸುವ ಕೆಲವು ಕಮಾಂಡ್‌ಗಳಿಗೂ ಮಾತ್ರ ಅನ್ವಯ. ಪೈಥಾನ್ ಸ್ಕ್ರಿಪ್ಟ್ ಓಡಿಸಲು ಒಪ್ಪಿಗೆ ಕೊಟ್ಟಿದ್ದರೆ ಅದರ ಮೂಲಕ ಅದೇ ಕಡತಕ್ಕೆ ಬರೆಯಲು ದಾರಿ ಇದ್ದೇ ಇರುತ್ತದೆ.

ಕೋಡೆಕ್ಸ್‌ನ ಬೇಲಿಯನ್ನು ಆಪರೇಟಿಂಗ್ ಸಿಸ್ಟಂ ಮಟ್ಟದಲ್ಲೇ ಹಾಕಿದ್ದಾರೆ. ವರ್ಕ್‌ಸ್ಪೇಸ್ ಮೋಡ್‌ನಲ್ಲಿ ಅದು ಪ್ರಾಜೆಕ್ಟ್ ಫೋಲ್ಡರಿನೊಳಗೆ ಕೇಳದೆಯೇ ಬರೆಯುತ್ತದೆ, ತಾತ್ಕಾಲಿಕ ಫೋಲ್ಡರ್ ಬಿಟ್ಟರೆ ಹೊರಗೆ ಕೇಳದೆ ಬರೆಯಲಾರದು, ನೆಟ್‌ವರ್ಕ್ ಮೊದಲೇ ಬಂದ್ ಆಗಿರುತ್ತದೆ. ಪೈಥಾನ್ ಪ್ಯಾಕೇಜ್ ಇಳಿಸುವ ಪಿಪ್ ಇನ್‌ಸ್ಟಾಲ್ ಅಲ್ಲೇ ಸೋಲುವುದಕ್ಕೆ ಕಾರಣ ಇದು. ಬೇಕಾದ ಪ್ಯಾಕೇಜ್‌ಗಳನ್ನು ಏಜೆಂಟ್ ಶುರು ಮಾಡುವ ಮೊದಲೇ ಹಾಕಿಟ್ಟುಕೊಳ್ಳಿ. ಹತ್ತು ನಿಮಿಷ ಬಿಟ್ಟು ಹೋಗಿ ಚಹಾ ಕುಡಿದು ಬರುವವರಿಗೆ ಮೂರರಲ್ಲಿ ನಮ್ಮ ಆಯ್ಕೆ ಇದೇ.

ಜೆಮಿನಿ ಸಿಎಲ್‌ಐ ಬಂದಾಗ ಎಲ್ಲರನ್ನೂ ಸೆಳೆದದ್ದು ಉಚಿತ ಮಿತಿ: ವೈಯಕ್ತಿಕ ಗೂಗಲ್ ಖಾತೆಗೆ ದಿನಕ್ಕೆ 1,000 ವಿನಂತಿ, ನಿಮಿಷಕ್ಕೆ 60. ಕಲಿಯುವ ವಿದ್ಯಾರ್ಥಿಗಳಿಗೆ ಆಗ ಅದು ಸಣ್ಣ ಮಾತಾಗಿರಲಿಲ್ಲ. ಸ್ಯಾಂಡ್‌ಬಾಕ್ಸ್ (ಏಜೆಂಟನ್ನು ಕಂಪ್ಯೂಟರಿನ ಉಳಿದ ಭಾಗದಿಂದ ಬೇರೆ ಇಡುವ ಬೇಲಿ) ಮತ್ತು ಚೆಕ್‌ಪಾಯಿಂಟ್ ಎರಡೂ ಇವೆ, ಆದರೆ ನಾವೇ ಆನ್ ಮಾಡಬೇಕು. ಚೆಕ್‌ಪಾಯಿಂಟ್ ಆನ್ ಇದ್ದರೆ ಪ್ರತಿ ತಿದ್ದುಪಡಿಗೂ ಮೊದಲು ಪ್ರಾಜೆಕ್ಟಿನ ಪ್ರತಿ ಉಳಿಯುತ್ತದೆ, ರಿಸ್ಟೋರ್ ಕಮಾಂಡ್‌ನಿಂದ ಹಿಂದಕ್ಕೆ ಬರಬಹುದು.

ಮೂರರಲ್ಲಿ ಒಂದು ಏಜೆಂಟ್ ‘ಎಲ್ಲ ಟೆಸ್ಟ್ ಪಾಸ್’ ಎಂದಿತು. ಕೋಡ್ ತೆರೆದರೆ ‘ಸಾಮರ್ಥ್ಯ’ ಎಂಬ ಒಂದೇ ಪದಕ್ಕೆ ಪ್ರತ್ಯೇಕ ಸಾಲು ಬರೆದಿಟ್ಟಿತ್ತು, ನಿಯಮ ಎಲ್ಲೂ ಇರಲಿಲ್ಲ. ‘ಟೆಸ್ಟ್ ಪಾಸ್ ಮಾಡು’ ಎಂದು ಗುರಿ ಕೊಟ್ಟರೆ ಯಾವ ಏಜೆಂಟ್ ಬೇಕಾದರೂ ಹಿಡಿಯಬಹುದಾದ ಅಡ್ಡದಾರಿ ಇದು. ಅದಕ್ಕೇ ಮೊದಲು ಹೊಸ ಗಿಟ್ ಬ್ರಾಂಚ್ (ಕೋಡಿನ ಬೇರೆ ಕವಲು) ಮಾಡಿ, ಟೆಸ್ಟ್‌ಗಳನ್ನು ಅದರಲ್ಲಿ ಕಮಿಟ್ ಮಾಡಿ, ಅಂದರೆ ದಾಖಲಿಸಿ, ಏಜೆಂಟಿಗೆ ತೋರಿಸದ ಇನ್ನೊಂದಿಷ್ಟು ಪದಗಳನ್ನು ಫೋಲ್ಡರಿನ ಹೊರಗೆ ಇಟ್ಟುಕೊಳ್ಳಿ: ತೀರ್ಥ, ಸೂರ್ಯ, ಮಾರ್ಗ, ಕಾರ್ಖಾನೆ. ಕೊನೆಗೆ ಅವನ್ನು ನೀವೇ ಓಡಿಸಿ.

ಏಜೆಂಟ್ ಶುರುವಾಗುವಾಗ ಓದುವ ನಮ್ಮ ಸೂಚನೆಯ ಕಡತ ಒಂದೊಂದಕ್ಕೆ ಒಂದೊಂದು ಹೆಸರಿನದು. ಏಜೆಂಟ್ಸ್ ಡಾಟ್ ಎಂಡಿ ಒಂದನ್ನೇ ಬರೆದು, ಕ್ಲಾಡ್ ಡಾಟ್ ಎಂಡಿಯಲ್ಲಿ ಅದನ್ನು ಆಮದು ಮಾಡುವ ಒಂದು ಸಾಲು ಹಾಕಿ, ಜೆಮಿನಿಯ ಸೆಟ್ಟಿಂಗ್‌ನಲ್ಲೂ ಅದೇ ಹೆಸರು ಕೊಟ್ಟರೆ ಮೂರಕ್ಕೂ ಸಾಲುತ್ತದೆ. ಸೂಚನೆ ಕನ್ನಡದಲ್ಲಿದ್ದರೆ ಗಾತ್ರ ನೋಡಿಕೊಳ್ಳಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ 3 ಬೈಟ್ ಬೇಕು, ಕೋಡೆಕ್ಸ್ ಈ ಕಡತದಿಂದ ಓದುವ ಮಾಮೂಲಿ ಮಿತಿ 32 ಕಿಲೋಬೈಟ್.

ಏಜೆಂಟ್ ತೋರಿಸುವ ಬದಲಾವಣೆಯನ್ನು ಟರ್ಮಿನಲ್‌ನಲ್ಲೇ ನೋಡಿ ಒಪ್ಪಬೇಡಿ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ, ಸರಿ ಇದ್ದದ್ದೂ ತಪ್ಪೆನ್ನಿಸುತ್ತದೆ, ತಪ್ಪು ಕಣ್ಣಿಗೆ ಬೀಳದೆ ಹೋಗುತ್ತದೆ. ವಿಎಸ್ ಕೋಡ್‌ನ ಎಡಿಟರಿನಲ್ಲಿ ಡಿಫ್ (ಹಳೆಯದು, ಹೊಸದು ಹೋಲಿಸುವ ನೋಟ) ತೆರೆದರೆ ಅಕ್ಷರ ಕೂಡಿಕೊಂಡು ಕಾಣುತ್ತದೆ, ‘ರ್’ ಎಲ್ಲಿ ಕೂತಿದೆ ಎಂದು ಅಲ್ಲಿ ನೋಡಿಯೇ ಒಪ್ಪಿಗೆ ಕೊಡಿ.