ಏಳೂವರೆ ಸಾವಿರದ ಕೂಸಿನ ಗಾಡಿ: ದುರ್ಗದ ಕೋಟೆಗೆ ಬೇಡ, ಮೈಸೂರು ಝೂಗೆ ಬೇಕೇ ಬೇಕು

ಈ ಸ್ಟ್ರಾಲರ್ ಕೊಂಡು ಹದಿನಾಲ್ಕು ತಿಂಗಳಾಯಿತು. ಮನೆಗೆ ತಂದ ದಿನ ನಮ್ಮ ಅತ್ತೆ ಕೇಳಿದ್ದು ಒಂದೇ ಮಾತು. "ಕೂಸನ್ನ ಎತ್ಕೊಳ್ಳೋಕೆ ಮನೇಲಿ ನಾಲ್ಕು ಜನ ಅದೀವಿ, ಗಾಡಿ ಯಾಕವ್ವ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ, ಆದರೆ ಅದು ಪೂರ್ತಿ ನನ್ನ ಪರವಾಗಿಲ್ಲ.

ನಮ್ಮದು ದಾವಣಗೆರೆ. ಮಗಳಿಗೆ ಈಗ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಗಾಡಿ ಏಳೂವರೆ ಸಾವಿರದ್ದು, ಮಡಚಿದರೆ ಸಣ್ಣ ಸೂಟ್‌ಕೇಸ್‌ನಷ್ಟಾಗುತ್ತದೆ. ಡಬ್ಬದ ಮೇಲೆ ತೂಕ 5.8 ಕೆಜಿ ಅಂತ ಇತ್ತು, ಮನೆಯಲ್ಲಿ ತೂಗಿದರೆ 6.4 ಬಂತು. ಮುಂದಿನ ಕಂಬಿ, ಬಿಸಿಲಿನ ಮರೆ ಎಲ್ಲ ಬಿಚ್ಚಿಟ್ಟು ತೂಗಿರಬೇಕು ಅವರು. ಕಂಪನಿ ಹೆಸರು ಬೇಡ ಬಿಡಿ, ಈ ಬೆಲೆಗೆ ಸಿಗುವ ಗಾಡಿಗಳೆಲ್ಲ ಹೆಚ್ಚುಕಮ್ಮಿ ಅಣ್ಣ ತಮ್ಮಂದಿರೇ. ಆನ್‌ಲೈನ್‌ನಲ್ಲಿ ಮುನ್ನೂರು ರೂಪಾಯಿ ಕಡಿಮೆ ಇತ್ತು, ಆದರೂ ಅಂಗಡಿಗೆ ಹೋಗಿಯೇ ತಂದೆವು. ಅಂಗಡಿಯಲ್ಲಿ ಒಂದು ಕೆಲಸ ಮಾಡಬಹುದು, ಮಗುವನ್ನು ಒಂದು ಬಗಲಲ್ಲಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಗಾಡಿ ಮಡಚಿ ನೋಡಬಹುದು. "ಒಂದೇ ಕೈಯಲ್ಲಿ ಮಡಚಬಹುದು" ಅಂತ ಎಲ್ಲರೂ ಬರೆದುಕೊಳ್ಳುತ್ತಾರೆ. ನಾಲ್ಕು ಗಾಡಿ ನೋಡಿದೆ, ಒಂದು ಮಾತ್ರ ನಿಜವಾಗಿ ಒಂದೇ ಕೈಗೆ ಮಡಚಿತು. ಅದನ್ನೇ ತಂದೆವು.

ತಂದ ಮೇಲೆ ಎರಡು ತಿಂಗಳು ಅದು ಸುಮ್ನೆ ಮೂಲೆಯಲ್ಲಿ ಕೂತಿತ್ತು. ಮಗನಿಗೆ ಆಗ ನಾಲ್ಕು ತಿಂಗಳು, ಇನ್ನೂ ಕುತ್ತಿಗೆ ಸರಿಯಾಗಿ ನಿಂತಿರಲಿಲ್ಲ. ಇಂಥ ಹಗುರ ಗಾಡಿಗಳ ಸೀಟು ಪೂರ್ತಿ ಚಪ್ಪಟೆಯಾಗಿ ಮಲಗುವುದಿಲ್ಲ, ಅರೆ ಕೂತ ಹಾಗೆ ನಿಲ್ಲುತ್ತದೆ. ಅಷ್ಟು ಚಿಕ್ಕ ಕೂಸನ್ನು ಹಾಗೆ ಕೂರಿಸಿದರೆ ತಲೆ ಮುಂದಕ್ಕೆ ಬಿದ್ದು ಗಂಟಲು ಒತ್ತಿ ಉಸಿರಿಗೆ ಕಷ್ಟವಾಗಬಹುದು. ಅದಕ್ಕೇ ಹೆಚ್ಚಿನ ಕಂಪನಿಗಳು ಆರು ತಿಂಗಳ ಮೇಲೆ ಅಂತ ಬರೆದಿರುತ್ತಾರೆ. ಅಂಗಡಿಯವರು ಇದನ್ನು ಹೇಳಲಿಲ್ಲ, ಒಳಗಿದ್ದ ಪುಸ್ತಕ ಓದಿದಾಗ ಗೊತ್ತಾಯಿತು. ಹುಟ್ಟಿದ ಕೂಸಿಗೆ ಬೇಕು ಅಂದರೆ ಪೂರ್ತಿ ಮಲಗುವ ಸೀಟಿನದ್ದೇ ಕೇಳಿ, ಅದು ಭಾರ ಜಾಸ್ತಿ, ಬೆಲೆಯೂ ಜಾಸ್ತಿ.

ಮೊದಲ ಪ್ರವಾಸ ಚಿತ್ರದುರ್ಗ. ಹತ್ತಿರ ಅಲ್ವಾ, 48ನೇ ಹೆದ್ದಾರಿ ಹಿಡಿದರೆ ಅರವತ್ತು ಕಿಲೋಮೀಟರ್ ಚಿಲ್ಲರೆ, ಒಂದು ಗಂಟೆ ದಾರಿ. ಕೋಟೆಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕೌಂಟರ್‌ನಲ್ಲಿದ್ದವರು ಒಂದು ಸಲ ಗಾಡಿ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು, ಏನೂ ಹೇಳದೆ ಟಿಕೆಟ್ ಕೊಟ್ಟರು. ನನಗೆ ಆಗಲೇ ಅರ್ಥ ಆಗಬೇಕಿತ್ತು.

ಮೊದಲ ಬಾಗಿಲ ಹತ್ತಿರ ಗೋಡೆಯ ಮೇಲೆ ನಾಗರಹಾವು ಕೆತ್ತಿದ್ದಾರಲ್ಲ, ಅಲ್ಲಿಯವರೆಗೆ ಹೇಗೋ ತಳ್ಳಿದೆ. ಅಲ್ಲಿಂದ ಮುಂದೆ ಕಲ್ಲು ಚಪ್ಪಡಿ. ಎರಡು ಚಪ್ಪಡಿಗಳ ನಡುವೆ ಮೂರು ಬೆರಳಿನಷ್ಟು ಸಂದು. ಮುಂದಿನ ಪುಟ್ಟ ಚಕ್ರ ಆ ಸಂದಿಗೆ ಇಳಿಯುತ್ತದೆ, ಸಟ್ಟನೆ ಅಡ್ಡ ತಿರುಗುತ್ತದೆ, ಗಾಡಿ ನಿಂತುಬಿಡುತ್ತದೆ, ಆದರೆ ಕೂಸು ನಿಲ್ಲುವುದಿಲ್ಲ, ಮುಂದಕ್ಕೆ ಜೋಲಿ ಹೊಡೆಯುತ್ತದೆ. ಹೆಗಲು, ಸೊಂಟ, ಕಾಲ ನಡುವೆ ಸೇರಿ ಐದು ಕಡೆ ಬಿಗಿಯುವ ಬೆಲ್ಟ್ ಇಲ್ಲದಿದ್ದರೆ ಅವತ್ತು ಮಗ ಕಲ್ಲಿನ ಮೇಲೆ ಇರುತ್ತಿದ್ದ. ಹಿಂದಕ್ಕೆ ಎಳೆದು ಎತ್ತಿ ಮತ್ತೆ ತಳ್ಳಿದರೆ ಎರಡು ಹೆಜ್ಜೆಗೆ ಮತ್ತೆ ಅದೇ ಕಥೆ. ಏಳು ಸುತ್ತಿನ ಕೋಟೆ ಸ್ವಾಮಿ ಅದು. ಬಾಗಿಲಿಂದ ಬಾಗಿಲಿಗೆ ದಾರಿ ನೇರವಾಗಿ ಇಲ್ಲ, ಆನೆ ಓಡಿ ಬಂದು ಗುದ್ದಬಾರದು ಅಂತ ಬೇಕೆಂದೇ ಸೊಟ್ಟ ಸೊಟ್ಟ ತಿರುಗಿಸಿ ಕಟ್ಟಿದ್ದು. ಹೈದರಾಲಿ ಸೈನ್ಯವನ್ನು 1779ರವರೆಗೆ ಸತಾಯಿಸಿದ ದಾರಿ, ನಮ್ಮ ಐದು ಇಂಚಿನ ಪ್ಲಾಸ್ಟಿಕ್ ಚಕ್ರ ಯಾವ ಲೆಕ್ಕ?

ಮದ್ದು ಅರೆಯುವ ಬೀಸುಕಲ್ಲುಗಳ ಹತ್ತಿರ ಬರುವ ಹೊತ್ತಿಗೆ ಕೂಸು ನನ್ನ ಬಗಲಲ್ಲಿ, ಮಡಚಿದ ಗಾಡಿ ನಮ್ಮ ಮನೆಯವರ ಹೆಗಲ ಮೇಲೆ. ಮಗಳು "ನನ್ನನ್ನೂ ಎತ್ಕೋ" ಅಂತ ಅವರ ಪ್ಯಾಂಟು ಹಿಡಿದು ಜಗ್ಗುತ್ತಿದ್ದಳು. ಬಾಳೆಹಣ್ಣು ಗಾಡಿಯ ಕೆಳಗಿನ ಬುಟ್ಟಿಯಲ್ಲೇ ಉಳಿದಿತ್ತು, ಅದು ಕೋತಿ ಪಾಲಾಯಿತು. ಓಬವ್ವನ ಕಿಂಡಿ ಹತ್ತಿರ ಒಬ್ಬರು ಅಜ್ಜ ನಿಂತು ನೋಡಿ, "ಕೂಸಿಗೆ ಗಾಡಿ ತಂದಿರೋ, ಗಾಡಿಗೆ ಕೂಸು ತಂದಿರೋ" ಅಂದರು. ಸಿಟ್ಟು ಬರಲಿಲ್ಲ. ಅವರು ಕೇಳಿದ್ದು ಸರಿಯಾಗೇ ಇತ್ತು. ಆ ಕಿಂಡಿಯಲ್ಲಿ ಒಬ್ಬರು ಮೈ ಹಿಡಿ ಮಾಡಿಕೊಂಡು ಬಗ್ಗಿ ನುಸುಳಬೇಕು, ಅಲ್ಲಿಗೆ 6.4 ಕೆಜಿ ಕಬ್ಬಿಣ ಹೊತ್ತು ಬಂದಿದ್ದೇವಲ್ಲ.

ಎರಡನೇ ಸಲ ಕೋಟೆಗೆ ಹೋದಾಗ ಗಾಡಿ ಕಾರಿನ ಡಿಕ್ಕಿಯಿಂದ ಇಳಿಯಲೇ ಇಲ್ಲ. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ನಲ್ಲಿ ಮಗನನ್ನು ಇವರು ಹೊತ್ತರು, ಬೆಳಿಗ್ಗೆ ಬೇಗ ಹತ್ತಿ ಬಿಸಿಲು ಏರುವ ಮೊದಲೇ ಇಳಿದೆವು, ಏಕನಾಥೇಶ್ವರಿ ಗುಡಿಯವರೆಗೂ ಹೋಗಿ ಬಂದೆವು, ಯಾರೂ ಅಳಲಿಲ್ಲ. ಬೆನ್ನು ಮಾತ್ರ ಎರಡೂ ಕಡೆ ತೊಯ್ದು ತೊಪ್ಪೆಯಾಗುತ್ತದೆ, ಅಪ್ಪನದ್ದೂ ಕೂಸಿನದ್ದೂ. ಚಂದ್ರವಳ್ಳಿಗೂ ಇದೇ ಮಾತು. ಅಂಕಲಿ ಮಠದ ಗುಹೆಗೆ ಬಗ್ಗಿಕೊಂಡು ಕತ್ತಲಲ್ಲಿ ಇಳಿಯುವಾಗ ಚಕ್ರ ಇರುವ ಯಾವುದೂ ಬೇಡ.

ಇಷ್ಟು ಓದಿ ಗಾಡಿ ದಂಡ ಅಂದುಕೊಂಡರೆ, ಮೈಸೂರು ಕಥೆ ಕೇಳಿ.

ಮೈಸೂರು ಝೂ 1892ರದ್ದು, ಒಳಗೆ ದಾರಿಯೆಲ್ಲ ಸಮವಾಗಿದೆ, ನೆರಳಿದೆ, ಮುಗಿಯುವುದೇ ಇಲ್ಲ. (ಮಂಗಳವಾರ ರಜೆ, ನೋಡಿಕೊಂಡು ಹೊರಡಿ.) ಜಿರಾಫೆ ಹತ್ತಿರ ಮಗಳು ನಮಗಿಂತ ಮುಂದೆ ಓಡುತ್ತಿದ್ದಳು. ಮುಕ್ಕಾಲು ಗಂಟೆ ಆದ ಮೇಲೆ ನಡಿಗೆ ಎಳೆಯತೊಡಗಿತು. ಆಮೇಲೆ ದಾರಿಯ ನಡುವೆಯೇ ಕೂತುಬಿಟ್ಟಳು, ಆನೆ ತೋರಿಸಿದರೂ ಏಳಲಿಲ್ಲ. ಮಗ ಆಗಲೇ ಅಪ್ಪನ ಎದೆಯ ಮೇಲೆ ನಿದ್ದೆ ಹೋಗಿದ್ದ, ಗಾಡಿ ಖಾಲಿ. ಮಗಳನ್ನು ಕೂರಿಸಿದೆ. ಹತ್ತು ನಿಮಿಷದಲ್ಲಿ ಅವಳಿಗೂ ನಿದ್ದೆ. ನಾವಿಬ್ಬರು ಗಂಡ ಹೆಂಡತಿ ಮದುವೆಯಾದ ಹೊಸದರಲ್ಲಿ ನಡೆದ ಹಾಗೆ ಮಾತಾಡಿಕೊಂಡು ಹುಲಿ ನೋಡಿದೆವು.

ಹದಿನಾಲ್ಕು ತಿಂಗಳಲ್ಲಿ ನನಗೆ ಗೊತ್ತಾದ ದೊಡ್ಡ ವಿಷಯ ಇದು. ಗಾಡಿ ತಂದಿದ್ದು ಚಿಕ್ಕವನಿಗೆ, ಊರು ಬಿಟ್ಟಾಗ ಅದರಲ್ಲಿ ಜಾಸ್ತಿ ಕೂತಿದ್ದು ದೊಡ್ಡವಳು. ಒಂದು ವರ್ಷದ ಕೂಸನ್ನು ಹೇಗಾದರೂ ಎತ್ತಿಕೊಳ್ಳಬಹುದು, ಹದಿನಾಲ್ಕು ಕೆಜಿ ತೂಗುವ "ನಾನೇ ನಡೀತೀನಿ" ಅನ್ನುವ ಹುಡುಗಿಯನ್ನು ಮಧ್ಯಾಹ್ನ ಎರಡು ಗಂಟೆಗೆ ಎತ್ತಿಕೊಳ್ಳುವುದು ಬೇರೆಯೇ ವಿಷಯ. ಹಾಗಾಗಿ "ಮಗು ನಡೆಯುತ್ತಲ್ಲ, ಇನ್ನೇನು ಗಾಡಿ" ಅಂತ ಮನೆಯಲ್ಲೇ ಬಿಟ್ಟು ಹೋಗಬೇಡಿ. ನಮ್ಮ ಗಾಡಿ ತಡೆಯುವುದು 15 ಕೆಜಿ. ಮಗಳದ್ದು ಇನ್ನೊಂದೆರಡು ತಿಂಗಳಿನ ಮಾತು. 22 ಕೆಜಿವರೆಗೆ ತಡೆಯುವವೂ ಸಿಗುತ್ತವೆ, ಈಗ ಕೊಳ್ಳುವುದಾದರೆ ನಾನು ಅದನ್ನೇ ಕೊಳ್ಳುತ್ತಿದ್ದೆ.

ಮೈಸೂರಿಗೆ ಹೋಗಿದ್ದು ರೈಲಿನಲ್ಲಿ. ಸ್ಲೀಪರ್ ಕೋಚ್‌ನಲ್ಲಿ ಮಡಚಿ ಅಡ್ಡ ಮಲಗಿಸಿದರೆ ಕೆಳಗಿನ ಬರ್ತ್ ಅಡಿಗೆ ಹೋಗುತ್ತದೆ. ಬೆಂಗಳೂರಿಗೆ 2023ರಿಂದ ವಂದೇ ಭಾರತ್ ಇದೆಯಲ್ಲ, ಅದರಲ್ಲಿ ಸೀಟಿನ ಕೆಳಗೆ ಹೋಗಲಿಲ್ಲ, ಕೊನೆಯ ಸಾಲಿನ ಹಿಂದೆ ನಿಲ್ಲಿಸಿದೆವು. ದಾವಣಗೆರೆಯಲ್ಲಿ ರೈಲು ನಿಲ್ಲುವುದೇ ಸ್ವಲ್ಪ ಹೊತ್ತು. ರೈಲು ಬಂದ ಮೇಲೆ ಗಾಡಿ ಮಡಚುತ್ತೇನೆ ಅಂದರೆ ಆಗಲ್ಲ. ಅನೌನ್ಸ್‌ಮೆಂಟ್ ಕೇಳಿದ ಕೂಡಲೇ ಕೂಸು ಕಂಕುಳಿಗೆ, ಗಾಡಿ ಮಡಚಿ ಕೈಗೆ. ಇನ್ನೊಂದು, ಪ್ಲಾಟ್‌ಫಾರಂನಲ್ಲಿ ಬ್ರೇಕ್ ಹಾಕದೆ ಕೈ ಬಿಡಲೇಬೇಡಿ, ಗಾಡಿಯ ಮೂತಿ ಹಳಿಯ ಕಡೆ ಇರಬಾರದು, ಹಳಿಯ ಉದ್ದಕ್ಕೆ ಇರಲಿ. ಒಂದು ದೊಡ್ಡ ನಿಲ್ದಾಣದಲ್ಲಿ ಲಿಫ್ಟ್ ಕೆಟ್ಟಿತ್ತು. ಎರಡು ಬ್ಯಾಗು, ಎರಡು ಮಕ್ಕಳು, ಒಂದು ಗಾಡಿ, ಮೇಲ್ಸೇತುವೆಯ ಅಷ್ಟೂ ಮೆಟ್ಟಿಲು. ಯಾರೋ ಕಾಲೇಜು ಹುಡುಗ ಕೇಳದೆಯೇ ಗಾಡಿ ಎತ್ತಿಕೊಂಡು ಹೋಗಿ ಆ ಕಡೆ ಇಟ್ಟು, ತಿರುಗಿಯೂ ನೋಡದೆ ಹೋದ.

ವಿಮಾನ ಒಂದೇ ಸಲ ಹತ್ತಿದ್ದು. ನಮ್ಮಿಂದ ದುಡ್ಡು ತೆಗೆದುಕೊಳ್ಳಲಿಲ್ಲ, ಗೇಟಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕೊಟ್ಟೆವು. "ಕ್ಯಾಬಿನ್‌ಗೆ ಹೋಗುತ್ತದೆ" ಅಂತ ಡಬ್ಬದ ಮೇಲೆ ಇದ್ದರೂ ಒಳಗೆ ಬಿಡುವುದು ಬಿಡದಿರುವುದು ಅಲ್ಲಿ ನಿಂತವರ ಕೈಯಲ್ಲಿದೆ, ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳಿ.

ಇನ್ನು ನಮ್ಮೂರು. ಸಂಜೆ ಗಾಜಿನ ಮನೆ, ಕುಂದವಾಡ ಕೆರೆ ಕಡೆ ಹೋದರೆ ಗಾಡಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತದೆ. ಪೇಟೆಯಲ್ಲಿ ಮಾತ್ರ ಕೇಳಬೇಡಿ. ಫುಟ್‌ಪಾತ್ ಇದ್ದ ಕಡೆ ಅದರ ಮೇಲೆ ಬೈಕು, ಬೈಕಿಲ್ಲದ ಕಡೆ ಚಪ್ಪಡಿ ಎದ್ದಿರುತ್ತದೆ, ಹಾಗಾಗಿ ರಸ್ತೆಗೇ ಇಳಿಯಬೇಕು. ಬೆಣ್ಣೆ ದೋಸೆ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಗಾಡಿ ಒಯ್ದಿದ್ದು ನನ್ನದೇ ತಪ್ಪು. ಟೇಬಲ್ ಟೇಬಲ್ ನಡುವೆ ಸಪ್ಲೈಯರ್ ಓಡಾಡುವಷ್ಟೇ ಜಾಗ, ನಮ್ಮ ಹಿಂದೆ ಕಾಯುತ್ತಾ ನಿಂತವರು ಮೂರು ಜನ. ಅದೇ ಹೋಟೆಲಿಗೆ ವಾರದ ದಿನ ನಾಲ್ಕು ಗಂಟೆಗೆ ಹೋದರೆ ಗಾಡಿಯೇ ಮಗನ ಕುರ್ಚಿ. ಬೆಲ್ಟ್ ಹಾಕಿ ಕೂರಿಸಿ ಕೈಗೆ ಒಂದು ಚೂರು ದೋಸೆ ಕೊಟ್ಟರೆ ನಾನು ನನ್ನ ದೋಸೆಯನ್ನು ಬಿಸಿ ಇರುವಾಗಲೇ ತಿನ್ನಬಹುದು. ಎರಡು ಮಕ್ಕಳ ತಾಯಂದಿರಿಗೆ ಇದರ ಬೆಲೆ ಗೊತ್ತು. ಸೀಟಿನ ಬಟ್ಟೆ ಬಿಚ್ಚಿ ಒಗೆಯಬಹುದು, ಆದರೆ ಬೆಣ್ಣೆ ಕಲೆ ಪೂರ್ತಿ ಹೋಗಿಲ್ಲ.

ಹರಿಹರ ಹದಿನಾಲ್ಕು ಕಿಲೋಮೀಟರ್. ಹರಿಹರೇಶ್ವರ ಗುಡಿಗೆ (1224ರ ಹೊಯ್ಸಳರ ಕಾಲದ್ದು) ಗಾಡಿ ಒಯ್ದರೂ ಚಪ್ಪಲಿ ಬಿಡುವ ಜಾಗದಲ್ಲೇ ಬಿಡಬೇಕು. ಅರ್ಧ ಗಂಟೆ ದರ್ಶನಕ್ಕೆ ಕೈಯೇ ಸಾಕು.

ಒಂದು ಎಡವಟ್ಟು ಹೇಳಿಬಿಡುತ್ತೇನೆ, ಎಲ್ಲರೂ ಮಾಡುವುದೇ ಇದು. ಸಂತೆ ಮುಗಿಸಿ ಬರುವಾಗ ಹಿಡಿಕೆಗೆ ಕೈಚೀಲ ನೇತುಹಾಕಿದ್ದೆ. ಒಳಗೆ ಎರಡು ಲೀಟರ್ ನೀರು, ಎರಡು ಕೆಜಿ ಈರುಳ್ಳಿ, ಮೇಲೆ ಎರಡು ಸೇರು ಮಂಡಕ್ಕಿ. ಮಗನನ್ನು ಎತ್ತಿಕೊಂಡೆ ಅಷ್ಟೇ. ಮುಂದಿನ ಭಾರ ಹೋದ ಕೂಡಲೇ ಗಾಡಿ ಕುದುರೆ ಎದ್ದ ಹಾಗೆ ಮುಂಗಾಲು ಎತ್ತಿ ಹಿಂದಕ್ಕೆ ಬಿತ್ತು, ರಸ್ತೆ ತುಂಬಾ ಮಂಡಕ್ಕಿ. ಕೂಸು ಒಳಗೆ ಇದ್ದು ಸ್ವಲ್ಪ ಹಿಂದಕ್ಕೆ ವಾಲಿದ್ದರೂ ಹೀಗಾಗಬಹುದಿತ್ತು. ಹಿಡಿಕೆಗೆ ಏನೂ ನೇತುಹಾಕಬೇಡಿ. ಕೆಳಗಿನ ಬುಟ್ಟಿ ತಡೆಯುವುದು ಎರಡೇ ಕೆಜಿ, ಅಷ್ಟರಲ್ಲೇ ಮುಗಿಸಿ.

ಬಿಸಿಲಿನ ಮಾತು ಬೇರೆ. ಏಪ್ರಿಲ್‌ನಲ್ಲಿ ಅತ್ತೆ ಕೂಸಿಗೆ ಬಿಸಿಲು ತಾಗಬಾರದು ಅಂತ ಗಾಡಿಯ ಮುಂದೆ ಪಂಚೆ ಇಳಿಬಿಟ್ಟಿದ್ದರು, ಪ್ರೀತಿಯಿಂದಲೇ. ಹತ್ತು ನಿಮಿಷ ಬಿಟ್ಟು ಕೈ ಒಳಗೆ ಹಾಕಿದರೆ ಹಬೆ. ಗಾಳಿ ಆಡದೆ ಒಳಗೆ ಕಾವು ಏರುತ್ತದೆ, ಕೂಸಿನ ಕುತ್ತಿಗೆ ಪೂರ್ತಿ ಬೆವರಿತ್ತು. ಮುಂದೆ ಬಟ್ಟೆ ಮುಚ್ಚಬಾರದು. ಮೇಲಿನ ಮರೆ ಸಾಕಾಗದಿದ್ದರೆ ಆ ಹೊತ್ತಿನಲ್ಲಿ ಹೊರಗೆ ಹೋಗದಿರುವುದೇ ಮೇಲು. ನಮ್ಮ ಗಾಡಿಯ ಮರೆ ಚಿಕ್ಕದು, ಕಾಲಿಗೆ ಬಿಸಿಲು ಬಡಿಯುತ್ತದೆ. ಇದು ಈ ಗಾಡಿಯ ದೊಡ್ಡ ಕೊರತೆ ಅಂತಲೇ ಹೇಳುತ್ತೇನೆ.

ರಿಪೇರಿ ಕಥೆಯೂ ಚೆನ್ನಾಗಿಲ್ಲ. ಹತ್ತನೇ ತಿಂಗಳಿಗೆ ಮುಂದಿನ ಬಲಗಡೆ ಚಕ್ರ ಕಿರ್ ಕಿರ್ ಅನ್ನತೊಡಗಿತು, ಆಮೇಲೆ ಓಲಾಡತೊಡಗಿತು (ಕೋಟೆಯ ಪಾಲೂ ಇದೆ ಇದರಲ್ಲಿ, ಒಪ್ಪಿದೆ). ವಾರಂಟಿ ಇತ್ತು. ಬಿಲ್ ಫೋಟೋ ಕಳಿಸಿ, ಚಕ್ರದ ವಿಡಿಯೋ ಕಳಿಸಿ, ಗಾಡಿಯ ಅಡಿಯ ಸ್ಟಿಕ್ಕರ್ ಕಳಿಸಿ ಅಂತ ಮೂರು ಸಲ ಕೇಳಿದರು. ಐದು ವಾರಕ್ಕೆ ಚಕ್ರ ಬಂತು, ಎಡಗಡೆಯದು. ಕೊನೆಗೆ ಸೈಕಲ್ ಶಾಪಿನವರು ವಾಷರ್ ಹಾಕಿ ಎಣ್ಣೆ ಬಿಟ್ಟು ಮೂವತ್ತು ರೂಪಾಯಿಗೆ ಸರಿ ಮಾಡಿಕೊಟ್ಟರು, ಈಗಲೂ ಅದೇ ಓಡುತ್ತಿದೆ.

ಬೇಕಾ ಬೇಡವಾ ಅಂತ ಕೇಳುವವರಿಗೆ ನಾನು ಈಗ ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಹೋಗುವ ಕಡೆ ಮೆಟ್ಟಿಲು ಎಷ್ಟು? ಮಕ್ಕಳು ಮಧ್ಯಾಹ್ನದ ನಿದ್ದೆ ಎಲ್ಲಿ ಮಾಡುತ್ತಾರೆ? ಕಾರಿನಲ್ಲೇ ಮಲಗಿದರೆ ಗಾಡಿ ಬೇಡ. ಹೊರಗೆ, ಸಮ ನೆಲದ ಮೇಲೆ, ನಾಲ್ಕು ಗಂಟೆ ಅಡ್ಡಾಡುವುದಿದ್ದರೆ ಬೇಕು. ಐದಕ್ಕೆ ಮೂರೂವರೆ ಕೊಡುತ್ತೇನೆ, ಆ ಅರ್ಧ ಸೈಕಲ್ ಶಾಪಿನವರದ್ದು.

ಡಿಸೆಂಬರ್‌ನಲ್ಲಿ ಹಂಪಿಗೆ ಹೊರಟಿದ್ದೇವೆ. ಅಲ್ಲಿಯೂ ಕಲ್ಲೇ ಕಲ್ಲು, ಮನೆಯಲ್ಲೇ ಇರಲಿ ಅನ್ನುತ್ತಾರೆ ಇವರು. ಡಿಕ್ಕಿಯಲ್ಲಿರಲಿ ಅನ್ನುತ್ತೇನೆ ನಾನು. ಅತ್ತೆ ಈ ಸಲ ನನ್ನ ಕಡೆ. ಅವರ ಮಂಡಿ ನೋವು ಜಾಸ್ತಿಯಾಗಿದೆ, ಮೊನ್ನೆ ಕುಂದವಾಡ ಕೆರೆ ಹತ್ತಿರ ಗಾಡಿಯ ಹಿಡಿಕೆ ಹಿಡಿದುಕೊಂಡು ಪೂರ್ತಿ ಒಂದು ಸುತ್ತು ನಡೆದರು. ಕೂಸು ಮುಂದೆ ಓಡುತ್ತಿತ್ತು, ಗಾಡಿ ಖಾಲಿ ಇತ್ತು.