ಜನವರಿಯ ಬುಡಾಪೆಸ್ಟ್: ಪಾಸಿಗೆ ಪೂರ್ತಿ ಅಂಕ, ಸೇಚೆನಿ ಸ್ನಾನಕ್ಕೆ ಅರ್ಧ

ಹಂಗೇರಿಯ ರಾಜಧಾನಿ ಚಳಿಗಾಲದಲ್ಲಿ ಅಗ್ಗ ಎಂಬ ಮಾತು ನಿಜ, ಆದರೆ ಎಲ್ಲ ವಾರಗಳಿಗೂ ಅದು ಹೊಂದುವುದಿಲ್ಲ. ನವೆಂಬರ್ ಮಧ್ಯದಿಂದ ವರ್ಷಾಂತ್ಯದವರೆಗೆ ಕ್ರಿಸ್‌ಮಸ್ ಸಂತೆಗಳ ಕಾಲ, ಕೋಣೆ ಬಾಡಿಗೆ ಏರಿಬಿಟ್ಟಿರುತ್ತದೆ. ಡಿಸೆಂಬರ್ 24, 25, 26 ಮೂರೂ ಸರ್ಕಾರಿ ರಜೆ. 24ರ ಸಂಜೆ ಟ್ರಾಮು, ಮೆಟ್ರೊ ಬಹುಪಾಲು ನಿಂತುಹೋಗುತ್ತವೆ, ದಿನಸಿ ಅಂಗಡಿಯೂ ತೆರೆದಿರುವುದಿಲ್ಲ. ಜನವರಿ ಎರಡನೇ ವಾರದಿಂದ ಫೆಬ್ರುವರಿ ಕೊನೆಯವರೆಗೆ ಹೋದರೆ ಅದೇ ಕೋಣೆ ಕಡಿಮೆಗೆ ಸಿಗುತ್ತದೆ. ಚಳಿ ಸೊನ್ನೆಯ ಆಸುಪಾಸು, ಹಗಲು ಗಿಡ್ಡ.

ವೀಸಾ ಷೆಂಗೆನ್ನಿನದು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದ ಮಕ್ಕಳಿಗೆ 45, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಅರ್ಜಿ ತಿರಸ್ಕಾರವಾದರೆ ಶುಲ್ಕ ವಾಪಸ್ ಬರುವುದಿಲ್ಲ, ಆದ್ದರಿಂದ ರದ್ದು ಮಾಡಲಾಗದ ಕೋಣೆಯನ್ನು ವೀಸಾಕ್ಕೆ ಮೊದಲೇ ಹಿಡಿಯಬೇಡಿ.

ನಗರ ಸಾರಿಗೆಯ 72 ಗಂಟೆಗಳ ಪಾಸ್ ಈ ಪ್ರವಾಸದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ಬಾಳುವ ವಸ್ತು. ಬಸ್ಸು, ಟ್ರಾಮು, ಮೆಟ್ರೊ ಎಲ್ಲಕ್ಕೂ ಅದೊಂದೇ ಸಾಕು. 1896ರಲ್ಲಿ ಶುರುವಾದ ಹಳದಿ ಬಣ್ಣದ ಎಂ1 ಮೆಟ್ರೊವೂ ಇದರಲ್ಲೇ ಸೇರಿದೆ. ಎಡವುವುದು ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ನೇರ ಊರಿನ ನಡುವಿಗೆ ಬರುವ 100ಇ ಬಸ್ಸಿಗೆ ಪ್ರತ್ಯೇಕ, ದುಬಾರಿ ಟಿಕೆಟ್ ಬೇಕು. 200ಇ ಬಸ್ಸಿಗೆ ಪಾಸ್ ನಡೆಯುತ್ತದೆ. ಅದು ಕೊಬಾನ್ಯಾ-ಕಿಶ್ಪೆಶ್ಟ್‌ನಲ್ಲಿ ಇಳಿಸುತ್ತದೆ, ಅಲ್ಲಿ ಎಂ3 ಮೆಟ್ರೊ ಹಿಡಿಯಬೇಕು. ಬಿಡಿ ಟಿಕೆಟ್ ಕೊಂಡವರು ಅದನ್ನು ಯಂತ್ರದಲ್ಲಿ ಒತ್ತಿಸಲು ಮರೆತು ದಂಡ ಕಟ್ಟುವುದು ಇಲ್ಲಿ ಮಾಮೂಲು, ತಪಾಸಣೆಯವರು ಮೆಟ್ರೊ ಎಸ್ಕಲೇಟರ್ ಬಾಯಲ್ಲೇ ನಿಂತಿರುತ್ತಾರೆ. 65 ದಾಟಿದವರಿಗೆ ಉಚಿತ ಎಂಬ ಸುದ್ದಿ ನಂಬಿ ಅಪ್ಪ ಅಮ್ಮನನ್ನು ಹಾಗೇ ಹತ್ತಿಸಬೇಡಿ, ಆ ರಿಯಾಯಿತಿ ಭಾರತದ ಪಾಸ್‌ಪೋರ್ಟಿಗಿಲ್ಲ.

ರಾತ್ರಿ ದೋಣಿ ವಿಹಾರಕ್ಕೆ ಹಣ ಸುರಿಯುವ ಮುಂಚೆ 2ನೇ ಸಂಖ್ಯೆಯ ಟ್ರಾಮಿನಲ್ಲಿ ಕೂತು ನೋಡಿ. ಡಾನ್ಯೂಬ್ ದಂಡೆಗುಂಟ ಸಾಗುವ ಈ ಟ್ರಾಮಿನ ಕಿಟಕಿಯಲ್ಲಿ ದೀಪ ಹೊತ್ತಿದ ಪಾರ್ಲಿಮೆಂಟು, ಎದುರು ದಡದ ಅರಮನೆ ಎರಡೂ ಕಾಣುತ್ತವೆ.

ಇನ್ನು 1913ರ ಸೇಚೆನಿ ಸ್ನಾನಗೃಹ. 1,200 ಮೀಟರಿಗೂ ಆಳದಿಂದ ಬರುವ ನೀರು ಮೇಲೆ ಬರುವಾಗ 70 ಡಿಗ್ರಿಗೂ ಬಿಸಿ, ತಣಿಸಿ ಕೊಳಕ್ಕೆ ಬಿಡುತ್ತಾರೆ. ಹಿಮ ಬೀಳುವಾಗ ಬಯಲಿನ ಬಿಸಿಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವುದಕ್ಕೆ ಸಾಟಿಯಿಲ್ಲ, ಆ ಅರ್ಧ ಅಂಕ ಅದಕ್ಕೇ. ಉಳಿದ ಅರ್ಧ ಹೋದದ್ದು ಬೆಲೆ ಮತ್ತು ಜಂಗುಳಿಗೆ. ವಾರಾಂತ್ಯದ ದರ ಇನ್ನೂ ಜಾಸ್ತಿ, ಶನಿವಾರ ಮಧ್ಯಾಹ್ನ ಕಾಲಿಡಲೂ ಜಾಗವಿರುವುದಿಲ್ಲ. ವಾರದ ದಿನ ಬೆಳಿಗ್ಗೆ ಬೇಗ ಹೋಗಿ. ಕ್ಯಾಬಿನ್ ಬೇಡ, ಲಾಕರ್ ಸಾಕು. ಈಜುಡುಗೆ, ಟವೆಲ್, ರಬ್ಬರ್ ಚಪ್ಪಲಿ, ಈಜುಕೊಳಕ್ಕೆ ತಲೆಗೆ ಕ್ಯಾಪ್ ನೀವೇ ಒಯ್ಯಿರಿ, ಅಲ್ಲಿ ಕೊಂಡರೆ ಟಿಕೆಟಿನಷ್ಟೇ ಚುಚ್ಚುತ್ತದೆ. ಬಿಸಿಕೊಳದಲ್ಲಿ ಒಮ್ಮೆಗೆ 20 ನಿಮಿಷ ಮೀರಬೇಡಿ, ತಲೆ ಸುತ್ತುತ್ತದೆ. ಒಳಗಿಂದ ಕೊಳಕ್ಕೆ ನಡೆವ ಹತ್ತು ಹೆಜ್ಜೆಯಲ್ಲೇ ಒದ್ದೆ ಮೈ ಕೊರೆಯುತ್ತದೆ, ಟವೆಲ್ ಕೊಳದ ಅಂಚಿನಲ್ಲೇ ಇಡಿ. 14 ವರ್ಷದೊಳಗಿನ ಮಕ್ಕಳಿಗೆ 2025ರ ಆಗಸ್ಟ್‌ನಿಂದ ಪ್ರವೇಶವಿಲ್ಲ. ಇನ್ನೊಂದು ಹೆಸರಾಂತ ಸ್ನಾನಗೃಹ ಗೆಲ್ಲೇರ್ಟ್ ಅದೇ ವರ್ಷದ ಅಕ್ಟೋಬರ್‌ನಿಂದ ದುರಸ್ತಿಗೆ ಮುಚ್ಚಿದೆ, ಹಳೆಯ ಪಟ್ಟಿ ನೋಡಿ ಹೋಗಬೇಡಿ. ಕಡಿಮೆ ಖರ್ಚಿಗೆ ಡಾನ್ಯೂಬಿನ ಬುಡಾ ದಡದ ಲುಕಾಚ್ ಸ್ನಾನಗೃಹ ವಾಸಿ: ಊರಿನವರೇ ಹೆಚ್ಚು, ಬಯಲಿನ ಕೊಳವೂ ಇದೆ, ಫೋಟೊ ಮಾತ್ರ ಅಷ್ಟು ಭರ್ಜರಿ ಬರಲಿಕ್ಕಿಲ್ಲ.

ಖರ್ಚು ಹಂಗೇರಿಯ ನಾಣ್ಯ ಫೊರಿಂಟ್‌ನಲ್ಲೇ ಮಾಡಿ. ಯೂರೊ ನೋಟು ತೆಗೆದುಕೊಳ್ಳುವ ಅಂಗಡಿ ತನಗೆ ಅನುಕೂಲವಾದ ದರ ಹಾಕುತ್ತದೆ. ಎಟಿಎಂ ಪರದೆ ‘ರೂಪಾಯಿಗೆ ಪರಿವರ್ತಿಸಲೇ’ ಎಂದು ಕೇಳಿದರೆ ಬೇಡ ಎನ್ನಿ. ಬ್ಯಾಂಕಿನ ಗೋಡೆಗೆ ಅಂಟಿದ ಯಂತ್ರವನ್ನೇ ಹುಡುಕಿ.

ಸಸ್ಯಾಹಾರಿಗಳಿಗೆ ಊಟ ಪರದಾಟವೇ. ಲಾಂಗೋಶ್ ನಮ್ಮ ಪೂರಿಯ ದಪ್ಪ ಅಣ್ಣ, ಮೇಲೆ ಹುಳಿಕೆನೆ, ಚೀಸ್. ತರಕಾರಿ ಗಟ್ಟಿಸಾರಿನಂಥ ಫೊಜೆಲೇಕ್ ಅಗ್ಗ, ಹೊಟ್ಟೆ ತುಂಬುತ್ತದೆ. ಆದರೆ ‘ಝೀರ್’ ಎಂಬ ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಎರಡಕ್ಕೂ ಕೇಳಿ. ‘ಮಾಂಸ ಇಲ್ಲ’ ಎಂದರೆ ಕೊಬ್ಬೂ ಇಲ್ಲ ಎಂದು ಅಲ್ಲಿ ಅರ್ಥವಲ್ಲ.